ಪಾಲಿಸಿಯ ಹಾಳೆ, ಸಾರುವೆಯ ಮೇಲಿನ ಮನುಷ್ಯ

ಸರ್ಜಾಪುರ ರಸ್ತೆಯ ಆಚೆ ಹದಿನಾಲ್ಕು ಮಹಡಿಯ ವಸತಿ ಸಮುಚ್ಚಯವೊಂದು ಏಳುತ್ತಿತ್ತು. ಸೈಟ್ ಆಫೀಸೆಂದರೆ ಒಂದು ಕಂಟೇನರ್. ಒಳಗೆ ಎರಡು ಮೇಜು, ಮೂಲೆಗೆ ಒರಗಿಸಿದ ನಕ್ಷೆಗಳ ಸುರುಳಿ, ಸಿಮೆಂಟಿನ ಧೂಳು ಕೂತ ಒಂದು ಕಂಪ್ಯೂಟರ್. ಸೋಮವಾರ ಬೆಳಿಗ್ಗೆ ಅದರಲ್ಲಿ ಉಪಗುತ್ತಿಗೆದಾರರ ಪಟ್ಟಿ ತೆರೆದಿತ್ತು. ಪ್ಲಾಸ್ಟರಿಂಗ್ ವಹಿಸಿಕೊಂಡಿದ್ದ ಮೇಸ್ತ್ರಿಯ ಹೆಸರಿನ ಮುಂದೆ ಹಸಿರು ಚುಕ್ಕೆ: ವಿಮೆ ಮಾರ್ಚ್ 31ರವರೆಗೆ ಚಾಲ್ತಿ. ಅದೇ ದಿನದ ಗೇಟ್ ಹಾಜರಿಯಲ್ಲಿ ಅವರ ಕಡೆಯವರು 41 ಜನ. ಅನುಮಾನ ಬಂದು ಪಾಲಿಸಿ ತೆರೆದು ಓದಿದೆ. ಬರೆಸಿದ್ದು 15 ಜನಕ್ಕೆ. ಸ್ಥಳದ ಕಾಲಮಿನಲ್ಲಿ ಇದ್ದದ್ದು ಹಿಂದಿನ ಸೈಟಿನ ವಿಳಾಸ.

ಮೇಸ್ತ್ರಿಯನ್ನು ಕರೆಸಿ ಕೇಳಿದೆ. ಗಾಜು ಸೀಳಿದ ಫೋನನ್ನು ಮುಂದೆ ಹಿಡಿದು, “ಸಾರ್, ಏಜೆಂಟ್ರು ಇಷ್ಟೇ ಸಾಕು ಅಂದ್ರು. ವಾಟ್ಸಾಪಲ್ಲಿ ಕಳ್ಸಿದ್ದೆ, ನಿಮ್ ಸಿಸ್ಟಮ್ಮೂ ತಗೊಂಡ್ತಲ್ಲ” ಎಂದರು.

ಅವರು ಹೇಳಿದ್ದು ನಿಜ. ಆ ಸಾಫ್ಟ್‌ವೇರ್‌ಗೆ ನಾವು ಹೇಳಿಕೊಟ್ಟದ್ದು ಎರಡೇ ಪ್ರಶ್ನೆ: ಪಾಲಿಸಿಯ ಪ್ರತಿ ಬಂದಿದೆಯೇ? ಅವಧಿ ಉಳಿದಿದೆಯೇ? ಎರಡಕ್ಕೂ ಹೌದು ಎಂದು ಉತ್ತರ ಬಂದಿತ್ತು. ಉಳಿದ 26 ಜನ ಆ ಎರಡು ಪ್ರಶ್ನೆಗಳ ಹೊರಗೆ ನಿಂತು ಸಾರುವೆ ಹತ್ತಿದ್ದರು.

ಉಪಗುತ್ತಿಗೆದಾರರ ವಿಮೆಯ ಮೇಲೆ ಕಣ್ಣಿಡುವ ಸಾಫ್ಟ್‌ವೇರನ್ನು ಹೇಗೆ ಹೊಂದಿಸಬೇಕು ಎಂಬುದು ಕಂಪ್ಯೂಟರ್ ವಿಭಾಗದವರ ಕೆಲಸ ಎಂದು ನಿರ್ಮಾಣ ಕಂಪನಿಗಳಲ್ಲಿ ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗೆ ತಿಳಿದಲ್ಲೆಲ್ಲ ಕೆಲಸ ಕೆಟ್ಟಿದೆ. ಅಪಘಾತದ ಹೊಣೆ ಯಾರದು, ವಿಮೆ ಇದೆ ಎನ್ನಲು ಯಾವುದು ಪುರಾವೆ, ಪುರಾವೆ ಇಲ್ಲದಾಗ ಯಾರ ಕೂಲಿ ನಿಲ್ಲಬೇಕು ಎಂಬ ಹಳೆಯ ಜಗಳಗಳೇ ಈಗ ಸೆಟ್ಟಿಂಗ್ಸ್ ಪುಟದೊಳಗೆ ಬಂದು ಕೂತಿವೆ.

ಹೊಣೆ ಮೇಲಕ್ಕೆ ಏರಿದ ಬಗೆ

ಬ್ರಿಟನ್ನಿನ 1897ರ ಕಾರ್ಮಿಕ ಪರಿಹಾರ ಕಾಯ್ದೆ ಒಂದು ದೊಡ್ಡ ತಿರುವು. ಮಾಲೀಕನ ತಪ್ಪನ್ನು ಸಾಬೀತುಪಡಿಸದೆಯೇ ಕಾರ್ಮಿಕನಿಗೆ ಪರಿಹಾರ ಸಿಗುವಂತಾಯಿತು. ಕಟ್ಟಡಗಳ ಪೈಕಿ ಮೂವತ್ತು ಅಡಿಗಿಂತ ಎತ್ತರದವು, ಸಾರುವೆ ಕಟ್ಟಿ ಕೆಲಸ ನಡೆಸುವಂಥವು ಅದರ ವ್ಯಾಪ್ತಿಗೆ ಬಂದವು. ಉಪಗುತ್ತಿಗೆಯ ಬಗ್ಗೆಯೂ ಅದರಲ್ಲಿ ಒಂದು ಸೆಕ್ಷನ್ ಇತ್ತು: ಕೆಲಸವನ್ನು ಕೈಬದಲಾಯಿಸಿದರೂ ಕಾರ್ಮಿಕ ತನ್ನವನೇ ಎಂಬಂತೆ ಮೇಲಿನವನು ಹೊಣೆ ಹೊರಬೇಕು.

ಭಾರತದ 1923ರ ಕಾರ್ಮಿಕ ಪರಿಹಾರ ಕಾಯ್ದೆ 1924ರ ಜುಲೈ 1ರಂದು ಜಾರಿಗೆ ಬಂತು. ಅದರ ಸೆಕ್ಷನ್ 12 ಈ ತತ್ವವನ್ನೇ ಎತ್ತಿಕೊಂಡಿತು. ಗುತ್ತಿಗೆದಾರನ ಆಳು ಬಿದ್ದರೆ ಮುಖ್ಯ ಮಾಲೀಕನಿಂದಲೇ ಪರಿಹಾರ ಕೇಳಬಹುದು. ಕೊಟ್ಟ ಹಣವನ್ನು ಮಾಲೀಕ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಆದರೆ ಎರಡು ಮಿಕ್ಸರ್ ಮತ್ತು ಒಂದು ಸ್ಕೂಟರೇ ಬಂಡವಾಳವಾದ ಮೇಸ್ತ್ರಿಯಿಂದ ವಸೂಲಿ ಮಾಡುವುದೇನನ್ನು? ‘ನಿನ್ನ ಹೆಸರಲ್ಲಿ ಪಾಲಿಸಿ ಮಾಡಿಸಿ ತಾ’ ಎಂಬ ಬೇಡಿಕೆಯ ಬೇರು ಇಲ್ಲಿದೆ. ಒಂದು ಮಾತು ಗಮನಿಸಬೇಕು. ಬ್ರಿಟನ್ 1969ರ ಕಾಯ್ದೆಯಲ್ಲಿ ಮಾಲೀಕರಿಗೆ ಈ ವಿಮೆಯನ್ನು ಕಡ್ಡಾಯ ಮಾಡಿತು. ನಮ್ಮ 1923ರ ಕಾಯ್ದೆ ಕಟ್ಟಡ ಗುತ್ತಿಗೆದಾರನ ಮೇಲೆ ಹೊಣೆಯನ್ನಷ್ಟೇ ಹೊರಿಸಿತು, ಪಾಲಿಸಿ ಕೊಳ್ಳಲೇಬೇಕು ಎನ್ನಲಿಲ್ಲ. ಆದ್ದರಿಂದ ನಮ್ಮಲ್ಲಿ ವಿಮೆಯ ಷರತ್ತು ಬದುಕಿರುವುದು ವರ್ಕ್ ಆರ್ಡರಿನ ಒಂದು ಪ್ಯಾರಾದಲ್ಲಿ.

1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಇನ್ನೊಂದು ಹಾದಿ ತೆರೆಯಿತು. ಗುತ್ತಿಗೆ ಕಾರ್ಮಿಕರ ವಂತಿಗೆಯನ್ನೂ ಮುಖ್ಯ ಮಾಲೀಕನೇ ಮೊದಲು ಕಟ್ಟಿ ಆಮೇಲೆ ಮುರಿದುಕೊಳ್ಳುವ ವ್ಯವಸ್ಥೆ ಅದು. ಬಹಳ ಕಾಲ ಹೊರಗಿದ್ದ ನಿರ್ಮಾಣ ಸ್ಥಳದ ಕಾರ್ಮಿಕರನ್ನು 2015ರ ಆಗಸ್ಟ್ 1ರಿಂದ ಇಎಸ್‌ಐ ವ್ಯಾಪ್ತಿಗೆ ತರಲಾಯಿತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಲೈಸೆನ್ಸನ್ನೂ ರಿಜಿಸ್ಟರುಗಳನ್ನೂ ತಂದಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸೆಸ್ ಮತ್ತು ಕಲ್ಯಾಣ ಮಂಡಳಿ ತಂದಿತು. ಕರ್ನಾಟಕದ ಮಂಡಳಿ 2007ರಲ್ಲಿ ರಚನೆಯಾಯಿತು. ಒಂದೊಂದು ಕಾಯ್ದೆ ಬಂದಾಗಲೂ ಸೈಟ್ ಆಫೀಸಿನ ಕಪಾಟಿಗೆ ಒಂದೊಂದು ಫೈಲು ಹೆಚ್ಚಿತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಫೈಲುಗಳ ಹೆಸರು ಬದಲಾಗುತ್ತಿದೆ. ಹೊಣೆ ಮಾತ್ರ ಮೇಲಕ್ಕೇ ಏರುತ್ತದೆ.

ಅಮೆರಿಕದ ಒಂದು ಪುಟದ ಪತ್ರ

ಇಂಥ ಸಾಫ್ಟ್‌ವೇರಿನ ತವರು ಅಮೆರಿಕ. ಅಲ್ಲಿ ಮುಖ್ಯ ಗುತ್ತಿಗೆದಾರನ ವಿಮಾ ಕಂತು ಆತ ಕೊಟ್ಟ ಒಟ್ಟು ಕೂಲಿಯ ಮೇಲೆ ನಿಂತಿರುತ್ತದೆ. ವರ್ಷದ ಕೊನೆಗೆ ವಿಮಾ ಕಂಪನಿಯ ಲೆಕ್ಕಪರಿಶೋಧಕ ಬಂದು, ಯಾವ ಉಪಗುತ್ತಿಗೆದಾರನಿಗೆ ವಿಮೆ ಇಲ್ಲವೋ ಅವನ ಕೂಲಿಯನ್ನೂ ಇವನ ಲೆಕ್ಕಕ್ಕೇ ಸೇರಿಸಿ ಹೆಚ್ಚುವರಿ ಕಂತು ಹಾಕುತ್ತಾನೆ. ಅದನ್ನು ತಪ್ಪಿಸಲು ಪ್ರತಿ ಉಪಗುತ್ತಿಗೆದಾರನಿಂದ ವಿಮಾ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳುವ ರೂಢಿ ಗಟ್ಟಿಯಾಯಿತು. ಅಕಾರ್ಡ್ ಸಂಸ್ಥೆಯ 25ನೇ ನಮೂನೆ ಆ ಉದ್ಯಮದ ಸಾಮಾನ್ಯ ಭಾಷೆಯೇ ಆಗಿಹೋಗಿದೆ.

ಆದರೆ ಈ ಪತ್ರ ಮಾಹಿತಿಗಾಗಿ ಮಾತ್ರ, ಇದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬರ್ಥದ ಸಾಲು ಅದರ ಮೇಲೆಯೇ ಅಚ್ಚಾಗಿರುತ್ತದೆ. ನಿಜವಾದ ರಕ್ಷಣೆ ಇರುವುದು ಪಾಲಿಸಿಗೆ ಲಗತ್ತಿಸುವ ಎಂಡಾರ್ಸ್‌ಮೆಂಟಿನಲ್ಲಿ. ಇದರ ಸುತ್ತ ಕೋರ್ಟು ವ್ಯಾಜ್ಯಗಳು ಬೇಕಾದಷ್ಟು ನಡೆದಿವೆ. 2017ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಬರ್ಲಿಂಗ್‌ಟನ್ ಪ್ರಕರಣದಲ್ಲಿ ಪಾಲಿಸಿಯ ಪದಗಳನ್ನು ಬಿಗಿಯಾಗಿ ಓದಿತು. ಉಪಗುತ್ತಿಗೆದಾರನ ಕೃತ್ಯವೇ ಅಪಘಾತಕ್ಕೆ ನೇರ ಕಾರಣವಾಗಿದ್ದರಷ್ಟೇ ಅವನ ಪಾಲಿಸಿಯಲ್ಲಿ ಹೆಚ್ಚುವರಿಯಾಗಿ ಹೆಸರು ಸೇರಿಸಿಕೊಂಡವರಿಗೆ ರಕ್ಷಣೆ ಎಂದಿತು. 2019ರಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಟಿ-ಮೊಬೈಲ್ ಪ್ರಕರಣದಲ್ಲಿ ಬೇರೆಯದೇ ದನಿ ತೆಗೆಯಿತು. ತನ್ನ ಅಧಿಕೃತ ಏಜೆಂಟ್ ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟದ್ದಕ್ಕೆ, ಅಚ್ಚಾದ ಆ ಎಚ್ಚರಿಕೆಯ ಸಾಲು ಇದ್ದರೂ, ವಿಮಾ ಕಂಪನಿ ಬದ್ಧ ಎಂದಿತು. ಪತ್ರ ಪುರಾವೆಯೋ ಅಲ್ಲವೋ ಎಂಬುದು ಅದು ಹುಟ್ಟಿದ ಊರಲ್ಲೇ ಒಂದು ನಿಲುವಿಗೆ ಬಂದಿಲ್ಲ.

ಮೊದಲ ಪಂಥ: ದಾಖಲೆ ಕೂಡಿಡುವವರು

ಈ ಸಾಫ್ಟ್‌ವೇರನ್ನು ಹೇಗೆ ಹೊಂದಿಸಬೇಕು ಎಂಬುದರಲ್ಲಿ ನಾನು ಕಂಡದ್ದು ಐದು ಪಂಥ. ಮೊದಲನೆಯವರ ವಾದ ಸರಳ. ನೂರಿನ್ನೂರು ಉಪಗುತ್ತಿಗೆದಾರರಿರುವ ಕಂಪನಿಯಲ್ಲಿ ಯಾರ ಪಾಲಿಸಿ ಎಂದು ಮುಗಿಯುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಮೊದಲು ಎಲ್ಲ ಪತ್ರಗಳನ್ನೂ ಒಂದು ಕಡೆ ತನ್ನಿ. ಅವಧಿ ಮುಗಿಯುವ 30 ದಿನ, 15 ದಿನ, 7 ದಿನ ಮೊದಲು ಸಂದೇಶ ಹೋಗಲಿ. ಎಕ್ಸೆಲ್ ಹಾಳೆಯಲ್ಲಿ ಮರೆತುಹೋಗುತ್ತಿದ್ದ ನವೀಕರಣಗಳು ಇದರಿಂದ ನಿಜಕ್ಕೂ ಸಮಯಕ್ಕೆ ಆಗುತ್ತವೆ. ಅಷ್ಟರ ಮಟ್ಟಿಗೆ ಈ ಪಂಥದ ಉಪಕಾರ ದೊಡ್ಡದು. ಆದರೆ ದಿನಾಂಕ ಎಂಬುದು ಪಾಲಿಸಿಯಲ್ಲಿ ಓದಲು ಅತ್ಯಂತ ಸುಲಭವಾದ ಸಂಗತಿ. ಸುಲಭವಾದ್ದನ್ನು ಓದಿ ಹಸಿರು ಬಣ್ಣ ಹಚ್ಚಿದರೆ, ಕಷ್ಟವಾದ್ದನ್ನು ಆಮೇಲೆ ಯಾರೂ ಓದುವುದಿಲ್ಲ. ಸರ್ಜಾಪುರ ರಸ್ತೆಯ ಸೈಟಿನಲ್ಲಿ ಆದದ್ದು ಇದೇ.

ಎರಡನೆಯ ಪಂಥ: ವರ್ಕ್ ಆರ್ಡರಿನಿಂದ ಶುರುಮಾಡುವವರು

ನನ್ನ ಒಲವು ಇವರ ಕಡೆಗೆ. ಪಾಲಿಸಿ ಬಂದ ಮೇಲೆ ಓದುವುದಲ್ಲ, ಏನು ಬೇಕು ಎಂಬುದನ್ನು ಮೊದಲು ಬರೆಯಬೇಕು ಎನ್ನುತ್ತಾರೆ ಇವರು. ಟೈಲ್ಸ್ ಹಾಕುವವನಿಗೂ ಟವರ್ ಕ್ರೇನ್ ನಿಲ್ಲಿಸುವವನಿಗೂ ಒಂದೇ ಷರತ್ತು ಹಾಕಿದರೆ ಒಬ್ಬನಿಗೆ ಅನ್ಯಾಯ, ಇನ್ನೊಬ್ಬನ ವಿಷಯದಲ್ಲಿ ಅಪಾಯ. ಕೆಲಸದ ಬಗೆ, ಎತ್ತರ, ಆಳುಗಳ ಸಂಖ್ಯೆ, ಕಾಮಗಾರಿಯ ಮೊತ್ತ ಇವುಗಳ ಮೇಲೆ ನಾಲ್ಕೈದು ವರ್ಗ ಮಾಡಿ, ವರ್ಗಕ್ಕೊಂದು ಬೇಡಿಕೆಪಟ್ಟಿ ಹೊಂದಿಸಬೇಕು.

ಹಾಗೆ ಬರೆಯಲು ಕೂತಾಗಲೇ ‘ವಿಮೆ’ ಎಂಬ ಒಂದೇ ಪದದ ಕೆಳಗೆ ಎಷ್ಟು ಬೇರೆ ಬೇರೆ ವಸ್ತುಗಳಿವೆ ಎಂದು ಗೊತ್ತಾಗುವುದು. ಸೈಟಿನಲ್ಲಿ ಇಂದಿಗೂ ಡಬ್ಲ್ಯೂಸಿ ಪಾಲಿಸಿ ಎಂದೇ ಕರೆಯುವ ನೌಕರ ಪರಿಹಾರ ಪಾಲಿಸಿ ಮಾಲೀಕನ ಕಾನೂನು ಹೊಣೆಯನ್ನು ತುಂಬಿಕೊಡುತ್ತದೆ. ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಕಟ್ಟುತ್ತಿರುವ ಕಾಮಗಾರಿಯ ನಷ್ಟಕ್ಕೆ. ಈ ಬಗೆಯ ಮೊದಲ ಪಾಲಿಸಿ 1929ರಲ್ಲಿ ಲಂಡನ್ನಿನ ಲ್ಯಾಂಬೆತ್ ಸೇತುವೆಗೆ ಕೊಟ್ಟದ್ದು. ಅದರಲ್ಲಿ ಮೂರನೆಯವರ ಹಾನಿಗೆ ಒಂದು ಭಾಗವಿದೆ ನಿಜ, ಆದರೆ ಕೆಲಸಗಾರರನ್ನು ಅಲ್ಲಿ ಮೂರನೆಯವರೆಂದು ಎಣಿಸುವುದಿಲ್ಲ. ಗುಂಪು ಅಪಘಾತ ವಿಮೆ ಗೊತ್ತುಮಾಡಿದ ಮೊತ್ತ ಕೊಡುತ್ತದೆ, ಮಾಲೀಕನ ಹೊಣೆಯನ್ನು ತೀರಿಸುವುದಿಲ್ಲ.

ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಚೀಟಿ ತಂದು “ಇನ್ಶೂರೆನ್ಸ್ ಇದೆ” ಎನ್ನುವ ಮೇಸ್ತ್ರಿಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದು ಸತ್ತವನ ಮನೆಗೆ 2 ಲಕ್ಷ ಕೊಡುತ್ತದೆ. ಅದನ್ನು 1923ರ ಕಾಯ್ದೆಯಲ್ಲಿದ್ದ ಲೆಕ್ಕದ ಪಕ್ಕ ಇಟ್ಟು ನೋಡಿ. ಸಾವಿಗೆ ಪರಿಹಾರ ಎಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಿದ ಮೊತ್ತ. 2020ರಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. ಮೂವತ್ತು ವಯಸ್ಸಿಗೆ ಗುಣಕ 207.98. ಅಂದರೆ 7,500ನ್ನು ಅದರಿಂದ ಗುಣಿಸಿ 15,59,850 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ಆ ದಂಡ ವಿಮಾ ಕಂಪನಿಯ ತಲೆಗಲ್ಲ, ಮಾಲೀಕನ ತಲೆಗೇ ಎಂದು ಸುಪ್ರೀಂ ಕೋರ್ಟ್ 1997ರ ವೇದ್ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ ಹೇಳಿತು. ಬಡ್ಡಿಯನ್ನು ಕೂಡ ಪಾಲಿಸಿಯ ಒಪ್ಪಂದದಲ್ಲಿ ಹೊರಗಿಡಬಹುದು ಎಂದು 2006ರ ಹರ್ಷದ್‌ಭಾಯಿ ಮೋಢಿಯಾ ತೀರ್ಪು ಒಪ್ಪಿತು. ಸಾಫ್ಟ್‌ವೇರಿನಲ್ಲಿ ‘ವಿಮೆ: ಹೌದು/ಇಲ್ಲ’ ಎಂಬ ಒಂದೇ ಕಾಲಮು ಇದ್ದರೆ 2 ಲಕ್ಷದ ಚೀಟಿಯೂ ಹದಿನೈದೂವರೆ ಲಕ್ಷದ ಹೊಣೆಯೂ ಅಲ್ಲಿ ಒಂದೇ ಆಗಿಬಿಡುತ್ತವೆ.

ಇನ್ನೊಂದು ಗಂಟು ಇಎಸ್‌ಐಯದು. ಇಎಸ್‌ಐ ವ್ಯಾಪ್ತಿಯ ಕಾರ್ಮಿಕ ಅದೇ ಗಾಯಕ್ಕೆ ಪರಿಹಾರ ಕಾಯ್ದೆಯಡಿ ಮಾಲೀಕನನ್ನು ಕೇಳುವಂತಿಲ್ಲ ಎಂದು ಇಎಸ್‌ಐ ಕಾಯ್ದೆಯ ಸೆಕ್ಷನ್ 53 ಹೇಳಿತ್ತು. ಕೂಲಿ ತಿಂಗಳಿಗೆ 21,000 ರೂಪಾಯಿ ದಾಟಿದವನು ಇಎಸ್‌ಐಯಿಂದ ಹೊರಗೆ. ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೈಯಾಳು ಇಎಸ್‌ಐ ಒಳಗೆ, ನುರಿತ ಗಾರೆಯವನು ಅದರ ಹೊರಗೆ ಇರಬಹುದು. ಹಾಗಾಗಿ ಉಪಗುತ್ತಿಗೆದಾರನಿಗೆ ಒಂದು ಬಣ್ಣ ಕೊಡುವ ವಿನ್ಯಾಸವೇ ತಪ್ಪು. ಪ್ರತಿ ಕಾರ್ಮಿಕನಿಗೆ ಒಂದು ಸಾಲು ಬೇಕು. ಅವನ ಕೂಲಿ ಎಷ್ಟು, ಇಎಸ್‌ಐ ಸಂಖ್ಯೆ ಇದೆಯೇ, ಇಲ್ಲದಿದ್ದರೆ ಯಾವ ಪಾಲಿಸಿಯ ಎಷ್ಟನೆಯ ತಲೆ ಅವನು? ಗೇಟಿನ ಹಾಜರಿಯೂ ಪಾಲಿಸಿಯಲ್ಲಿ ಘೋಷಿಸಿದ ಸಂಖ್ಯೆಯೂ ದಿನವೂ ಮುಖಾಮುಖಿಯಾಗಬೇಕು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಅಂಥ ದಿನ ಮೊದಲು ಬೇಕಾಗುವುದು, ಒಳಗೆ ಯಾರು ಯಾರು ಇದ್ದರು ಎಂಬ ಪಟ್ಟಿ.

ಈ ಪಂಥದ ಕೊರತೆಯೂ ಇದೆ. ಅದು ಬೇಡುವ ಮಾಹಿತಿಯನ್ನು ತುಂಬುವವರು ಯಾರು? ಆಳುಗಳು ವಾರಕ್ಕೊಮ್ಮೆ ಬದಲಾಗುವ ಸೈಟಿನಲ್ಲಿ ಇದಕ್ಕೆಂದೇ ಒಬ್ಬ ಟೈಂ ಕೀಪರ್ ಬೇಕು. ಆ ಸಂಬಳವನ್ನು ಟೆಂಡರ್ ದರದಲ್ಲಿ ಸೇರಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ಮೂರನೆಯ ಪಂಥ: ಬೀಗ ಹಾಕುವವರು

ಎಚ್ಚರಿಕೆಯ ಸಂದೇಶವನ್ನು ಯಾರೂ ಓದುವುದಿಲ್ಲ, ದುಡ್ಡು ನಿಂತರೆ ಮಾತ್ರ ಪಾಲಿಸಿ ಬರುತ್ತದೆ ಎಂಬುದು ಇವರ ಅನುಭವ. ವಿಮೆ ಕೆಂಪಾದರೆ, ಆಗಾಗ ಮುಗಿದ ಕೆಲಸಕ್ಕೆ ಸಲ್ಲಿಸುವ ಆರ್‌ಎ ಬಿಲ್ ಪಾಸಾಗದಂತೆ, ಗೇಟಿನ ಬೆರಳಚ್ಚು ಯಂತ್ರ ತೆರೆಯದಂತೆ ಹೊಂದಿಸುತ್ತಾರೆ. ಫಲ ಬೇಗ ಸಿಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಪೆಟ್ಟು ಬೀಳುವುದು ಎಲ್ಲಿ ಎಂದು ನೋಡಬೇಕು. ಬಿಲ್ ನಿಂತರೆ ಮೇಸ್ತ್ರಿ ಶನಿವಾರದ ಬಟವಾಡೆ ನಿಲ್ಲಿಸುತ್ತಾನೆ. ಗೇಟು ನಿಂತರೆ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದವನು ಆ ದಿನದ ಕೂಲಿ ಕಳೆದುಕೊಂಡು ಶೆಡ್ಡಿನಲ್ಲಿ ಕೂರುತ್ತಾನೆ. ಪಾಲಿಸಿ ನವೀಕರಿಸದ ತಪ್ಪು ಅವನದಲ್ಲ.

ಒಳ್ಳೆಯ ಹೊಂದಾಣಿಕೆಗಳು ನನಗೆ ಕಂಡಿವೆ. ಒಂದು ಕಡೆ ಬಿಲ್ಲಿನಲ್ಲಿ ಕೂಲಿಯ ಭಾಗವನ್ನು ಬೇರ್ಪಡಿಸಿ ಬಿಡುಗಡೆ ಮಾಡಿ, ಮೇಸ್ತ್ರಿಯ ಲಾಭದ ಭಾಗವನ್ನು ಮಾತ್ರ ತಡೆಹಿಡಿಯುತ್ತಿದ್ದರು. ಇನ್ನೊಂದು ಕಡೆ ಅವಧಿ ಮುಗಿದ ದಿನವೇ ಮುಖ್ಯ ಗುತ್ತಿಗೆದಾರ ತನ್ನ ಪಾಲಿಸಿಗೆ ಆ ಆಳುಗಳನ್ನು ಎಂಡಾರ್ಸ್‌ಮೆಂಟ್ ಮೂಲಕ ಸೇರಿಸಿ, ಕಂತನ್ನು ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿದ್ದ. ಎರಡರಲ್ಲೂ ಕೂಲಿಯವನು ಸಿಕ್ಕಿಬೀಳಲಿಲ್ಲ. ‘ವಿನಾಯಿತಿ’ ಎಂಬ ಗುಂಡಿಯ ಬಗ್ಗೆ ಮಾತ್ರ ಎಲ್ಲ ಕಡೆ ಎಚ್ಚರ ಬೇಕು. ಸ್ಲ್ಯಾಬ್ ಹಾಕುವ ಹಿಂದಿನ ರಾತ್ರಿ ಪ್ರಾಜೆಕ್ಟ್ ಮ್ಯಾನೇಜರ್ ಅದನ್ನು ಒತ್ತಿಯೇ ಒತ್ತುತ್ತಾನೆ. ಒತ್ತಿದವನ ಹೆಸರು, ಕಾರಣ, ಎಷ್ಟು ದಿನಕ್ಕೆ ಎಂಬ ಮೂರೂ ದಾಖಲಾಗದಿದ್ದರೆ ಬೀಗ ಇದ್ದೂ ಇಲ್ಲದಂತೆ.

ನಾಲ್ಕನೆಯ ಪಂಥ: ಮೂಲದಲ್ಲೇ ಕೇಳುವವರು

ಪಿಡಿಎಫ್ ಅನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದದಿದ್ದರೂ, ಕಂತಿನ ಚೆಕ್ ವಾಪಸಾದ ಪಾಲಿಸಿಯ ಹಾಳೆ ನೋಡಲು ಚಾಲ್ತಿಯಲ್ಲಿರುವ ಪಾಲಿಸಿಯ ಹಾಗೆಯೇ ಇರುತ್ತದೆ. 1938ರ ವಿಮಾ ಕಾಯ್ದೆಯ ಸೆಕ್ಷನ್ 64ವಿಬಿ ಪ್ರಕಾರ ಕಂತು ಮುಂಗಡವಾಗಿ ಸಂದಾಯವಾಗದೆ ವಿಮಾ ಕಂಪನಿ ಅಪಾಯ ಹೊರುವಂತಿಲ್ಲ. ಮಧ್ಯದಲ್ಲಿ ರದ್ದಾದ ಪಾಲಿಸಿಯ ಸುದ್ದಿಯೂ ಮುಖ್ಯ ಗುತ್ತಿಗೆದಾರನಿಗೆ ತಾನಾಗಿ ಬರುವುದಿಲ್ಲ. ಆದ್ದರಿಂದ ಉಪಗುತ್ತಿಗೆದಾರನನ್ನು ಬಿಟ್ಟು ವಿಮಾ ಕಂಪನಿಯ ದತ್ತಾಂಶವನ್ನೇ ಸಾಫ್ಟ್‌ವೇರ್ ಕೇಳಲಿ ಎನ್ನುತ್ತಾರೆ ಇವರು.

ಇದು ಆಗದ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಾಲೀಕನಿಗೆ ಕಾರ್ಮಿಕ ಪರಿಹಾರ ವಿಮೆ ಇದೆಯೇ ಎಂದು ಸಾರ್ವಜನಿಕರೇ ಹುಡುಕಿ ನೋಡಬಹುದು. ನಮ್ಮಲ್ಲೂ ವಾಹನದ ನೋಂದಣಿ ಸಂಖ್ಯೆ ಹಾಕಿದರೆ ವಿಮೆ ಎಲ್ಲಿಯವರೆಗಿದೆ ಎಂದು ಸರ್ಕಾರದ ಪರಿವಾಹನ್ ಜಾಲತಾಣ ತೋರಿಸುತ್ತದೆ. ಇಟ್ಟಿಗೆ ತಂದ ಟಿಪ್ಪರ್ ಲಾರಿಯ ವಿಮೆಯನ್ನು ಗೇಟಿನಲ್ಲಿ ನಿಂತು ನೋಡಬಹುದು. ಇಟ್ಟಿಗೆ ಇಳಿಸುವವನ ವಿಮೆಯನ್ನು ನೋಡಲು ಅಷ್ಟು ಸುಲಭದ ದಾರಿ ಇಲ್ಲ. ಈ ಅಂತರ ನನ್ನನ್ನು ಬಹಳ ಕಾಡಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಬಿಮಾ ಸುಗಮ್ ಎಂಬ ಆನ್‌ಲೈನ್ ವಿಮಾ ವೇದಿಕೆಗೆ ನಿಯಮಾವಳಿ ಹೊರಡಿಸಿದಾಗ ಈ ಪಂಥದವರಲ್ಲಿ ಆಸೆ ಮೂಡಿದ್ದು ಸಹಜ. ಪಾಲಿಸಿಯ ಹಾಳೆಯನ್ನು ಓದಿಕೊಡುವ ಕೃತಕ ಬುದ್ಧಿಮತ್ತೆಯೂ ಈಗ ಬಂದಿದೆ. ಸ್ಥಳದ ವಿಳಾಸ ಬೇರೆ ಎಂಬುದನ್ನು ಅದು ಹಿಡಿದೀತು. ಆದರೆ ಕಂತು ಸಂದಾಯವಾಗಿದೆಯೇ ಎಂಬುದು ಹಾಳೆಯ ಮೇಲೆಯೇ ಇಲ್ಲದಿದ್ದರೆ, ಎಷ್ಟು ಚೆನ್ನಾಗಿ ಓದಿದರೂ ಅದು ಸಿಗುವುದಿಲ್ಲ.

ಐದನೆಯ ಪಂಥ: ಒಂದೇ ಕೊಡೆ

ಇಷ್ಟೆಲ್ಲ ಬೆನ್ನುಹತ್ತುವುದೇ ಬೇಡ ಎಂಬುದು ಇವರ ನಿಲುವು. ಯೋಜನೆಯ ಒಡೆಯನೋ ಮುಖ್ಯ ಗುತ್ತಿಗೆದಾರನೋ ಸೈಟಿನೊಳಗೆ ಕಾಲಿಟ್ಟ ಎಲ್ಲರಿಗೂ ಒಂದೇ ಪಾಲಿಸಿ ಕೊಂಡರೆ ಆಯಿತು. ಅಮೆರಿಕದ ದೊಡ್ಡ ಕಾಮಗಾರಿಗಳಲ್ಲಿ ಈ ಪದ್ಧತಿ ನಡೆದಿದೆ. ನಮ್ಮಲ್ಲೂ ನೌಕರ ಪರಿಹಾರ ಪಾಲಿಸಿಯನ್ನು ಗುತ್ತಿಗೆದಾರರ ಕಾರ್ಮಿಕರಿಗೆ ವಿಸ್ತರಿಸಿ ಪಡೆಯಬಹುದು. ಕಾರ್ಮಿಕನ ಕಡೆಯಿಂದ ನೋಡಿದರೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಆದರೆ ಸುರಕ್ಷತೆಗೆ ಖರ್ಚು ಮಾಡುವ ಮೇಸ್ತ್ರಿಗೂ ಹಗ್ಗದ ಸಾರುವೆಯಲ್ಲಿ ಕೆಲಸ ಮುಗಿಸುವ ಮೇಸ್ತ್ರಿಗೂ ಆಗ ಕಂತಿನಲ್ಲಿ ಭೇದ ಉಳಿಯುವುದಿಲ್ಲ. ಹತ್ತು ಸೈಟುಗಳಲ್ಲಿ ಚದುರಿ ಕೆಲಸ ಮಾಡುವ ಸಣ್ಣ ಪ್ಲಂಬಿಂಗ್ ಗುತ್ತಿಗೆದಾರನಿಗೆ ಈ ಕೊಡೆ ಒಂದು ಸೈಟಿನಲ್ಲಿ ಮಾತ್ರ. ಉಳಿದ ಒಂಬತ್ತರಲ್ಲಿ ಅವನ ಆಳು ಮಳೆಯಲ್ಲೇ.

ಇನ್ನೂ ಇತ್ಯರ್ಥವಾಗದವು

ಸಾಮಾಜಿಕ ಭದ್ರತಾ ಸಂಹಿತೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ಸಂಬಂಧ ತೋರಿದರೆ, ಪರಿಹಾರದ ವ್ಯಾಪ್ತಿಗೆ ತಂದಿದೆ. ಲೇಬರ್ ಶೆಡ್ಡಿನಿಂದ ಟೆಂಪೊದಲ್ಲಿ ಬರುವ ಮೂವತ್ತು ಜನ ಯಾರ ಪಾಲಿಸಿಯಡಿ? ಸ್ಥಳದ ಕಾಲಮಿನಲ್ಲಿ ಸೈಟಿನ ವಿಳಾಸವಷ್ಟೇ ಬರೆದ ಪಾಲಿಸಿಗಳನ್ನು ಸಾಫ್ಟ್‌ವೇರ್ ಹಸಿರೆನ್ನಬೇಕೋ ಕೆಂಪೆನ್ನಬೇಕೋ? ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗಲು 1970ರ ಕಾಯ್ದೆಯಲ್ಲಿ 20 ಜನ ಸಾಕಿತ್ತು, ನಾಲ್ಕರಲ್ಲಿ ಇನ್ನೊಂದು ಸಂಹಿತೆಯಲ್ಲಿ ಅದು 50. ಮೂವತ್ತು ಆಳುಗಳ ಮೇಸ್ತ್ರಿಗೆ ಲೈಸೆನ್ಸಿನ ಅಗತ್ಯ ಹೋದ ಮೇಲೆ ಅವನ ಆಳುಗಳ ಹೆಸರು ಯಾವ ರಿಜಿಸ್ಟರಿನಲ್ಲಿ ಉಳಿಯುತ್ತದೆ?

ಉಪಗುತ್ತಿಗೆದಾರನ ಕೆಳಗಿನ ಉಪಗುತ್ತಿಗೆದಾರನನ್ನು ಯಾರು ದಾಖಲಿಸಬೇಕು ಎಂಬುದೂ ಹಾಗೇ ಇದೆ. ವರ್ಕ್ ಆರ್ಡರ್ ಒಬ್ಬನ ಹೆಸರಲ್ಲಿ, ಆಳು ತರುವವನು ಇನ್ನೊಬ್ಬ, ಬಟವಾಡೆ ಮಾಡುವವನು ಮತ್ತೊಬ್ಬ. ಸಾಫ್ಟ್‌ವೇರಿಗೆ ಮೊದಲನೆಯವನಷ್ಟೇ ಗೊತ್ತು. ಇನ್ನು ಕೋರ್ಟಿನ ಪ್ರಶ್ನೆ: ಪಾಲಿಸಿಯಲ್ಲಿ 15 ಜನ, ಗೇಟಿನಲ್ಲಿ 41 ಜನ ಎಂದು ತನ್ನದೇ ಪರದೆ ತೋರಿಸುತ್ತಿದ್ದರೂ ಕೆಲಸ ಬಿಟ್ಟ ಮುಖ್ಯ ಗುತ್ತಿಗೆದಾರ, ಗೊತ್ತಿದ್ದೂ ಸುಮ್ಮನಿದ್ದವನಾಗುತ್ತಾನೆಯೇ? ಈ ಭಯಕ್ಕೇ ಆ ಎರಡು ಸಂಖ್ಯೆಗಳನ್ನು ಒಂದೇ ಪುಟಕ್ಕೆ ತರಬೇಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ನಾನು ಅದನ್ನು ಒಪ್ಪಲಾರೆ.

ಸರ್ಜಾಪುರ ರಸ್ತೆಯ ಸೈಟಿನಲ್ಲಿ ಆ ಸೋಮವಾರ ಮಧ್ಯಾಹ್ನದೊಳಗೆ 26 ಹೆಸರುಗಳನ್ನು ಸೇರಿಸುವ ಎಂಡಾರ್ಸ್‌ಮೆಂಟಿಗೆ ಏಜೆಂಟರಿಗೆ ಬರೆದೆವು, ಕಂತನ್ನು ನಮ್ಮ ಆಫೀಸಿನಿಂದಲೇ ಕಟ್ಟಿದೆವು. ಅದು ಕೈಗೆ ಬಂದದ್ದು ಬುಧವಾರ ಸಂಜೆ. ನಡುವಿನ ಎರಡು ದಿನ ಆ 26 ಜನ ನೆಲಮಹಡಿಯಲ್ಲಿ ಮರಳು ಜರಡಿ ಹಿಡಿದರು, ಕೂಲಿ ಪೂರ್ತಿ ಕೊಟ್ಟೆವು. ಆ ಎರಡು ದಿನದ ಕೂಲಿಯನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಅಕೌಂಟ್ಸ್‌ನವರು ಕೇಳಿದರು. ಸಾಫ್ಟ್‌ವೇರಿನಲ್ಲಿ ಅದಕ್ಕೆ ಕಾಲಮು ಇರಲಿಲ್ಲ.